ಮೆಂಡೋಟಾ ನೀರು ಬಿಡುವ ದಿನ

ಕೇಳುಗರಿಗೆಲ್ಲ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಮಗಳ ಎರಡನೇ ಬಾಣಂತನಕ್ಕೆಂದು ಅಮೆರಿಕದ ಮ್ಯಾಡಿಸನ್‌ಗೆ ಹೋಗಿದ್ದೆ. ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಅದು. ನಾನು ಕಾಲಿಟ್ಟಿದ್ದು ಜನವರಿಯಲ್ಲಿ. ಕಿಟಕಿಯಾಚೆ ಕಣ್ಣು ಹಾಯುವಷ್ಟೂ ಬಿಳಿ ಬಯಲು. ಅದರ ಮೇಲೆ ಜನ ಓಡಾಡುತ್ತಿದ್ದರು. ಕೆಲವರು ಮಂಜುಗಡ್ಡೆಗೆ ತೂತು ಕೊರೆದು, ಪುಟ್ಟ ಸ್ಟೂಲಿನ ಮೇಲೆ ಕೂತು ಮೀನು ಹಿಡಿಯುತ್ತಿದ್ದರು. ಅದೇ ಮೆಂಡೋಟಾ ಸರೋವರ. ಸುಮಾರು 40 ಚದರ ಕಿಲೋಮೀಟರ್ ಹರವು.

ಮಾರ್ಚ್ ಬರುತ್ತಿದ್ದಂತೆ ಊರಲ್ಲಿ ಒಂದೇ ಮಾತು. ಐಸ್ ಯಾವಾಗ ಬಿಡುತ್ತೆ? ಅಂಗಡಿಯಲ್ಲೂ ಅದೇ, ಬಸ್ಸಿನಲ್ಲೂ ಅದೇ. ಯುಗಾದಿ ಬಂತು. ಬೇವಿನ ಹೂವಿಲ್ಲದೆ, ಊರಿಂದ ಒಯ್ದಿದ್ದ ಒಣ ಬೇವಿನ ಪುಡಿಯಲ್ಲೇ ಬೇವು ಬೆಲ್ಲ ಮಾಡಿದೆವು. ಹೊರಗೆ ಸರೋವರ ಇನ್ನೂ ಬೆಳ್ಳಗೇ ಇತ್ತು. ದೊಡ್ಡ ಮೊಮ್ಮಗಳಿಗೆ ಆಗ ಏಳು ವರ್ಷ. ದಿನಾ ಬೆಳಿಗ್ಗೆ ಅವಳೂ ನಾನೂ ದಡಕ್ಕೆ ಹೋಗಿ ನೋಡಿ ಬರುತ್ತಿದ್ದೆವು.

ಹಾಗೆ ನೋಡುತ್ತಾ ನೋಡುತ್ತಾ ನನಗೆ ತಿಳಿದದ್ದು ಏನೆಂದರೆ, ಗಡ್ಡೆ ಒಂದೇ ದಿನ ಕರಗುವುದಿಲ್ಲ. ಮೊದಲು ಮೇಲಿನ ಹಿಮ ಹೋಗಬೇಕು. ಬಿಳಿ ಹಿಮ ಬಿಸಿಲನ್ನು ವಾಪಸ್ ಎಸೆಯುತ್ತದೆ. ಅದು ಹೋದ ಮೇಲೆ ಬಿಸಿಲು ಗಡ್ಡೆಯೊಳಗೆ ಇಳಿಯುತ್ತದೆ. ಗಡ್ಡೆ ಅಂದರೆ ಉದ್ದುದ್ದ ನಿಂತ ಹರಳುಗಳ ಒತ್ತು. ಹರಳುಗಳ ನಡುವಿನ ಬೆಸುಗೆ ಮೊದಲು ಬಿಡುತ್ತದೆ. ಆಗ ಗಡ್ಡೆ ದಪ್ಪಗೇ ಇರುತ್ತದೆ, ಆದರೆ ಗಟ್ಟಿ ಇರುವುದಿಲ್ಲ. ಬಣ್ಣ ಬೂದಿಗೆ ತಿರುಗುತ್ತದೆ. ಆಮೇಲೆ ಯಾರೂ ಅದರ ಮೇಲೆ ಕಾಲಿಡಬಾರದು. ದಡದ ಸುತ್ತ ಒಂದು ಪಟ್ಟಿ ನೀರು ಬಿಡುತ್ತದೆ. ಇನ್ನು ಬೇಕಾದದ್ದು ಒಂದು ಜೋರು ಗಾಳಿ, ಅಷ್ಟೇ.

ಆ ಗಾಳಿ ಏಪ್ರಿಲ್‌ನ ಒಂದು ಮಧ್ಯಾಹ್ನ ಬಂತು. ಬೂದು ಹಾಸು ಮೆಲ್ಲಗೆ ಸರಿಯಿತು. ದಡಕ್ಕೆ ಬಡಿದು ಸೂಜಿಸೂಜಿಯಾಗಿ ಒಡೆಯಿತು. ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ರಾಶಿ ಗಾಜಿನ ಬಳೆ ಅಲುಗಿಸಿದ ಹಾಗೆ. ಮೊಮ್ಮಗಳು ನನ್ನ ಕೈ ಹಿಡಿದು ಸುಮ್ನೆ ನಿಂತಿದ್ದಳು. ಮಾರನೇ ದಿನ ಅಲೆಗಳಿದ್ದವು.

ಆ ಊರಲ್ಲಿ ಈ ದಿನವನ್ನು ಬರೆದಿಡುತ್ತಾರೆ. 1850ರ ದಶಕದಿಂದಲೂ ಬರೆದಿದ್ದಾರೆ. ಪಿಕ್ನಿಕ್ ಪಾಯಿಂಟ್ ಎಂಬ, ನೀರೊಳಗೆ ಚಾಚಿಕೊಂಡ ನೆಲದಿಂದ ಆಚೆ ದಡದ ಮೇಪಲ್ ಬ್ಲಫ್‌ಗೆ ದೋಣಿ ಹೋಗುವಷ್ಟು ನೀರು ಬಿಟ್ಟಿದೆಯಾ ಅಂತ ನೋಡುವುದು ಅಲ್ಲಿಯ ಹಳೆಯ ಅಳತೆ. 1880–81ರ ಚಳಿಗಾಲದಲ್ಲಿ ಗಡ್ಡೆ 161 ದಿನ ಇತ್ತು. 2001–02ರಲ್ಲಿ ಬರೀ 21 ದಿನ. ಬರೆಯಲು ಶುರುಮಾಡಿದ ಕಾಲದಲ್ಲಿ ಸರೋವರ ವರ್ಷಕ್ಕೆ ಸುಮಾರು ನಾಲ್ಕು ತಿಂಗಳು ಹೆಪ್ಪುಗಟ್ಟಿರುತ್ತಿತ್ತು. ಈಗ ಸುಮಾರು ಮೂರು. ಭೂಮಿ ಬಿಸಿಯಾಗುತ್ತಿದೆ ಎಂಬ ಮಾತಿಗೆ ಇದಕ್ಕಿಂತ ಸರಳ ಸಾಕ್ಷಿ ನಾನು ನೋಡಿಲ್ಲ. ದಡದಲ್ಲಿ ನಿಂತು ತಾರೀಕು ಬರೆದುಕೊಂಡವರು ಕೊಟ್ಟ ಸಾಕ್ಷಿ ಇದು. ಅವರ ಬಗ್ಗೆ ನನಗೆ ತುಂಬಾ ಗೌರವ.

ಗಡ್ಡೆ ಹೋದ ಮೇಲೆ ಸರೋವರದಲ್ಲಿ ಇನ್ನೊಂದು ಕೆಲಸ ನಡೆಯುತ್ತದೆ, ಅದು ಕಣ್ಣಿಗೆ ಕಾಣಿಸದು. ನೀರು 4 ಡಿಗ್ರಿಯಲ್ಲಿ ಎಲ್ಲಕ್ಕಿಂತ ಭಾರ. ಮೇಲಿನ ನೀರು ಅಷ್ಟು ಬೆಚ್ಚಗಾದಾಗ ಮೇಲೂ ಕೆಳಗೂ ಒಂದೇ ತೂಕ. ಗಾಳಿ ಬೀಸಿದರೆ ತಳದವರೆಗೂ ಕಲಕುತ್ತದೆ. ಚಳಿಗಾಲವೆಲ್ಲ ಮುಚ್ಚಿದ ಮನೆಯಂತಿದ್ದ ತಳಕ್ಕೆ ಹೊಸ ಆಮ್ಲಜನಕ ಸಿಗುತ್ತದೆ.

ಈಗ ನಾನು ಊರಲ್ಲಿದ್ದೇನೆ. ಮಾರ್ಚ್ ಬಂದರೆ ಮೊಮ್ಮಗಳಿಗೆ ಫೋನ್ ಮಾಡುತ್ತೇನೆ. ಮೊನ್ನೆಯೂ ಮಾಡಿದ್ದೆ.

"ಅಜ್ಜಿ, ದಡದ ಹತ್ರ ನೀರು ಬಿಟ್ಟಿದೆ. ನಡುವೆ ಇನ್ನೂ ಬೂದು" ಅಂದಳು.

"ಗಾಳಿ?" ಅಂತ ಕೇಳಿದೆ.

"ಇನ್ನೂ ಇಲ್ಲ ಅಜ್ಜಿ."