ಗಿರಣಿ ಶುರುವಾಗುವ ಮುಂಚಿನ ಹತ್ತು ನಿಮಿಷ

(ದೃಶ್ಯ: ಕೊಪ್ಪಳದ ಒಂದು ಮನೆಯ ಪಡಸಾಲೆ. ಫ್ಯಾನ್ ನಿಂತಿದೆ. ಕಿಟಕಿಯ ಬೆಳಕು.)

ನಮಸ್ಕಾರ್ರೀ. ಕರೆಂಟ್ ಹೋಗಿದೆ, ಕಿಟಕಿ ಬೆಳಕಿನಲ್ಲೇ ಶೂಟ್ ಮಾಡುತ್ತಿದ್ದೇನೆ. ಬೆವರು ಕಂಡರೆ ಸುಮ್ನೆ ಬಿಟ್ಟುಬಿಡಿ.

ನನ್ನ ಮಗನಿಗೆ ಒಂಬತ್ತು ವರ್ಷ. ಆಟಿಸಂ ಇದೆ, ಅಂದರೆ ಮಾತು, ಜನರ ಜೊತೆ ಬೆರೆಯುವುದು ಬೇರೆ ಥರ ಇರುವ ಮೆದುಳಿನ ಬೆಳವಣಿಗೆ. ಮಾತು ಒಂದೆರಡು ಪದ ಅಷ್ಟೇ. ಎರಡು ವರ್ಷದ ಹಿಂದೆ ದಿನಾ ತನ್ನ ಕೈ ತಾನೇ ಕಚ್ಚಿಕೊಳ್ಳುತ್ತಿದ್ದ, ಗೋಡೆಗೆ ತಲೆ ಚಚ್ಚುತ್ತಿದ್ದ. ಬಂದವರೆಲ್ಲ ಒಂದೊಂದು ಹೇಳಿದರು. "ಹಠಾ ಜಾಸ್ತಿ ಆಗೇತಿ, ಎರಡು ಬಿಗಿ." "ದೃಷ್ಟಿ ಆಗೇತಿ, ತಗೀಬೇಕವ್ವಾ." ದೃಷ್ಟಿ ತೆಗೆದದ್ದೂ ಆಯಿತು. ಎರಡು ಬಿಗಿದದ್ದೂ ಆಯಿತು. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ.

ಆಮೇಲೆ ಒಬ್ಬ ವಿಶೇಷ ಶಿಕ್ಷಕಿ ಒಂದೇ ಕೆಲಸ ಹೇಳಿದರು. "ಅಕ್ಕಾ, ಕಚ್ಚಿಕೊಂಡದ್ದು ಇರಲಿ. ಅದಕ್ಕಿಂತ ಹತ್ತು ನಿಮಿಷ ಮೊದಲು ಏನಾಗಿತ್ತು, ಅದನ್ನ ಬರೀರಿ."

(ದೃಶ್ಯ: ನೂರು ಪುಟದ ನೋಟ್‌ಬುಕ್. ಸ್ಕೇಲಿನಿಂದ ಎಳೆದ ಮೂರು ಕಾಲಂ.)

ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ನಾವೇನು ಮಾಡಿದೆವು. ಜೊತೆಗೆ ಟೈಮ್. "ಸಿಟ್ಟು ಬಂತು" ಅಂತ ಬರೆಯಬಾರದು, ಅದು ನಮ್ಮ ಊಹೆ. "ಎಡಗೈ ಕಚ್ಚಿದ, ನಾಲ್ಕು ನಿಮಿಷ" ಅಂತ ಬರೆಯಬೇಕು.

ಎರಡು ವಾರ ಬರೆದೆ. ಟೈಮ್ ತಾಳೆ ಆಗಲಿಲ್ಲ. ಒಂದು ದಿನ ಮೂರು ಗಂಟೆ, ಒಂದು ದಿನ ಐದೂವರೆ. ಆದರೆ ಮೊದಲ ಕಾಲಂನಲ್ಲಿ ಎರಡು ಪದ ಮತ್ತೆ ಮತ್ತೆ ಬಂದಿದ್ದವು: ಕರೆಂಟ್ ಬಂತು. ಕರೆಂಟ್ ಬಂದರೆ ಪಕ್ಕದ ಹಿಟ್ಟಿನ ಗಿರಣಿ ಶುರು!

ಇದರಲ್ಲೊಂದು ಸೋಜಿಗ ಇದೆ. ನಾನು ಜೋಳದ ರೊಟ್ಟಿ ಬಡಿಯುವಾಗ ಇದೇ ಹುಡುಗ ಪಕ್ಕದಲ್ಲೇ ಬಂದು ಕೂರುತ್ತಾನೆ. ಪಟ ಪಟ ಪಟ. ಅದೂ ಸದ್ದೇ ಅಲ್ವಾ? ಆದರೆ ಅದಕ್ಕೊಂದು ತಾಳ ಇದೆ. ಮುಂದಿನ ಏಟು ಯಾವಾಗ ಅಂತ ಅವನಿಗೆ ಗೊತ್ತು. ಗಿರಣಿ ಹೇಳದೆ ಕೇಳದೆ ಮೈಮೇಲೆ ಬೀಳುತ್ತದೆ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಸದ್ದು, ಬೆಳಕು, ಬಟ್ಟೆ ಚುಚ್ಚುವುದು ನಮಗಿಂತ ಜಾಸ್ತಿ ತಾಗುತ್ತದೆ. ಮುನ್ಸೂಚನೆ ಇಲ್ಲದೆ ಬಂದರಂತೂ ಕೇಳಲೇಬೇಡಿ.

ಗಿರಣಿ ನಿಲ್ಲಿಸಿ ಅನ್ನೋಕಾಗುತ್ತಾ? ಅದು ಅವರ ಹೊಟ್ಟೆಪಾಡು. "ಚಾಲೂ ಮಾಡುವ ಮುಂಚೆ ಒಮ್ಮೆ ಕೂಗಿ, ಕಾಕಾ" ಅಂತ ಗಿರಣಿಯವರನ್ನು ಕೇಳಿಕೊಂಡೆ, ಅಷ್ಟೇ. ಅವತ್ತಿನಿಂದ ಕೂಗುತ್ತಾರೆ. ಇವನು ಸದ್ದು ತಡೆಯುವ ಹೆಡ್‌ಫೋನ್ ಹಾಕಿಕೊಂಡು ಹಿಂದಿನ ಕೋಣೆಗೆ ಹೋಗುತ್ತಾನೆ. ಕಚ್ಚುವುದು ಪೂರ್ತಿ ನಿಲ್ಲಲಿಲ್ಲ. ದಿನಾ ಇದ್ದದ್ದು ವಾರಕ್ಕೊಮ್ಮೆ ಆಯಿತು. ಕೈ ಮೇಲಿನ ಗಾಯ ಮಾಯಲು ಪುರುಸೊತ್ತು ಸಿಕ್ಕಿತು.

ಹಾಗಂತ ಎಲ್ಲ ಕೂಗಾಟಕ್ಕೂ ಗಿರಣಿ ಕಾರಣ ಅಲ್ಲ. ಮೂರನೇ ಕಾಲಂ ನನ್ನ ಬಣ್ಣವನ್ನೇ ಬಯಲು ಮಾಡಿತು. ಅವನು ಕಿರುಚಿದ, ನಾನು ಮೊಬೈಲ್ ಕೊಟ್ಟೆ. ಕಿರುಚಿದ, ಕೊಟ್ಟೆ. ಕಿರುಚಿದರೆ ಕೆಲಸ ಆಗುತ್ತದೆ ಅಂತ ಕಲಿಸಿದವಳು ನಾನೇ. ಬದಲಿಗೆ ಮೊಬೈಲ್ ಚಿತ್ರದ ಕಾರ್ಡ್ ಕೈಗೆ ಕೊಟ್ಟು ಕೇಳುವುದನ್ನು ಕಲಿಸಿದೆವು. ಕಾರ್ಡ್ ಕೊಟ್ಟರೆ ತಕ್ಷಣ ಮೊಬೈಲ್, ಕಿರುಚಿದರೆ ಇಲ್ಲ. ಒಂದು ಎಚ್ಚರಿಕೆ: ಮೊದಲ ಕೆಲವು ದಿನ ಕಿರುಚಾಟ ಏರುತ್ತದೆ. ನಡುವೆ ಸೋತು ಕೊಟ್ಟರೆ, ಇನ್ನೂ ಜೋರಾಗಿ ಕಿರುಚಬೇಕು ಅಂತ ಕಲಿಯುತ್ತದೆ ಮಗು. ತನಗೆ ತಾನೇ ಗಾಯ ಮಾಡಿಕೊಳ್ಳುವ ಮಗುವಿನ ಜೊತೆ ಇದನ್ನು ಮನೆಯಲ್ಲಿ ನೀವೇ ಪ್ರಯೋಗ ಮಾಡಬೇಡಿ. ಮನೋವೈದ್ಯರು ಅಥವಾ ಮನಃಶಾಸ್ತ್ರಜ್ಞರು ಜೊತೆಗಿರಲಿ.

ಹಠ ಯಾವುದು, ತಡೆಯಲಾರದ ಸಂಕಟ ಯಾವುದು? ಹಠ ಮಾಡುವ ಮಗು ಓರೆಗಣ್ಣಿನಲ್ಲಿ ನಮ್ಮನ್ನು ನೋಡುತ್ತಿರುತ್ತದೆ, ಬೇಕಾದ್ದು ಸಿಕ್ಕರೆ ಸುಮ್ಮನಾಗುತ್ತದೆ. ಇನ್ನೊಂದರಲ್ಲಿ ಏನು ಕೊಟ್ಟರೂ ನಿಲ್ಲುವುದಿಲ್ಲ. ಆಗ ಬುದ್ಧಿ ಹೇಳಬೇಡಿ, ಕಿವಿಗೆ ಹೋಗುವುದಿಲ್ಲ. ನೆರೆದವರನ್ನು ಕಳಿಸಿ, ತಲೆಗೂ ಗೋಡೆಗೂ ನಡುವೆ ದಿಂಬು ಇಟ್ಟು, ಪಕ್ಕದಲ್ಲಿ ಮಾತಿಲ್ಲದೆ ಕೂತಿರಿ.

ಇದ್ದಕ್ಕಿದ್ದಂತೆ ಹೊಸ ವರ್ತನೆ ಶುರುವಾದರೆ ಮೊದಲು ಮೈ ನೋಡಿ. ಹಲ್ಲು, ಕಿವಿ, ಮಲಬದ್ಧತೆ, ನಿದ್ದೆ. ನಮ್ಮವನು ಮೂರು ದಿನ ತಟ್ಟೆ ಎಸೆದ. ನಾನು ಬೈದೆ. ನೋಡಿದರೆ ದವಡೆ ಹಲ್ಲು ಹುಳುಕಾಗಿತ್ತು. ಬಳ್ಳಾರಿ, ರಾಯಚೂರು ಕಡೆಯ 40 ಡಿಗ್ರಿ ದಾಟಿದ ಬಿಸಿಲಲ್ಲಿ ನಿದ್ದೆ ಇಲ್ಲದೆ ನಾವೇ ಸಿಡುಕುತ್ತೇವೆ. ಮಾತು ಬಾರದ ಮಗು ಹೇಗೆ ಹೇಳಬೇಕು?

(ದೃಶ್ಯ: ಗವಿಮಠದ ಬೆಟ್ಟ, ಜಾತ್ರೆಯ ದಾರಿ.)

ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ. ರಥೋತ್ಸವದ ಸಂಜೆ ಅವನನ್ನು ಕರೆದೊಯ್ಯುವುದಿಲ್ಲ. ಎರಡು ದಿನ ಬಿಟ್ಟು ಬೆಳಿಗ್ಗೆ ಹೋಗುತ್ತೇವೆ. ಹಿಂದಿನ ದಿನವೇ ಫೋನಿನಲ್ಲಿ ನಾಲ್ಕು ಫೋಟೋ ತೋರಿಸುತ್ತೇನೆ: ಮೊದಲು ಆಟೋ, ಆಮೇಲೆ ಬೆಟ್ಟ, ಆಮೇಲೆ ದಾಸೋಹ, ಆಮೇಲೆ ಮನೆ. ಮನೆಯ ಫೋಟೋ ಮುಖ್ಯ. ಇದು ಮುಗಿಯುತ್ತದೆ ಅಂತ ಗೊತ್ತಿದ್ದರೆ ಅವನು ತಡೆದುಕೊಳ್ಳುತ್ತಾನೆ.

ಸಹಾಯ ಎಲ್ಲಿ ಸಿಗುತ್ತದೆ ಅಂತ ಬೇಗ ಹೇಳಿಬಿಡುತ್ತೇನೆ. ಜಿಲ್ಲಾ ಆಸ್ಪತ್ರೆಗೆ ಹೋದಾಗ ಡಿಇಐಸಿ ಎಲ್ಲಿ ಅಂತ ಕೇಳಿ. ಮಕ್ಕಳ ಬೆಳವಣಿಗೆಯ ತೊಂದರೆ ಬೇಗ ಗುರುತಿಸಿ ನೆರವಾಗುವ ಕೇಂದ್ರ ಅದು, 18 ವರ್ಷದವರೆಗಿನ ಮಕ್ಕಳಿಗೆ. ತಾಲೂಕಿನ ಬಿಆರ್‌ಸಿಯಲ್ಲಿ, ಅಂದರೆ ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರದಲ್ಲಿ, ಬಿಐಇಆರ್‌ಟಿ ಶಿಕ್ಷಕರನ್ನು ಕೇಳಿ. ಅಂಗವಿಕಲ ಮಕ್ಕಳ ಕಲಿಕೆಗೆ ನೆರವಾಗುವವರು ಅವರು. ರಾಯಚೂರಿನವರಿಗೆ ಬೆಂಗಳೂರಿಗಿಂತ ಸಿಕಂದರಾಬಾದಿನ ಎನ್‌ಐಇಪಿಐಡಿ ಹತ್ತಿರ, ಬೌದ್ಧಿಕ ಅಂಗವಿಕಲತೆ ಇರುವವರಿಗಾಗಿ ಇರುವ ರಾಷ್ಟ್ರೀಯ ಸಂಸ್ಥೆ ಅದು. ನಿಮಗೇ ತಲೆ ಕೆಟ್ಟು ಹೋದ ರಾತ್ರಿ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ದುಡ್ಡು ಕೊಡಬೇಕಿಲ್ಲ. ಶಾಲೆಯವರು "ನಮ್ಮಲ್ಲಿ ಆಗಲ್ಲ" ಅಂದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನೆನಪಿಸಿ. ಶೇ. 40 ಅಥವಾ ಹೆಚ್ಚು ಅಂಗವಿಕಲತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೇ ಉಚಿತವಾಗಿ ಕಲಿಯುವ ಹಕ್ಕಿದೆ. ನಮಗೂ ಒಂದು ಶಾಲೆ ಹಾಗೇ ಅಂದಿತ್ತು, ಆಗ ನನಗೆ ಈ ಕಾಯ್ದೆ ಗೊತ್ತಿರಲಿಲ್ಲ.

(ಫ್ಯಾನ್ ತಿರುಗಲು ಶುರು. ಹೊರಗಿನಿಂದ ಕೂಗು: "ಚಾಲೂ ಮಾಡ್ತೀನೋ ತಮ್ಮಾ!")

ಕರೆಂಟ್ ಬಂತು. ಹೆಡ್‌ಫೋನ್ ಎಲ್ಲಿಟ್ಟಿದ್ದಾನೋ, ಹುಡುಕಬೇಕು. ಬರ್ತೀನ್ರೀ.