ಮೊದಲ ಮಾತು ಯಾರದ್ದು?

ಕೇಳುಗರೇ, ನಮಸ್ಕಾರ.

ನಮ್ಮ ಸಮುದಾಯ ಬಾನುಲಿಯಲ್ಲಿ ವಾರಕ್ಕೊಂದು ಚರ್ಚೆ ನಡೆಯುತ್ತದೆ. ಊರಿನ ಒಂದು ತೊಂದರೆ, ಅದರ ಸುತ್ತ ನಾಲ್ಕು ಜನ, ಅರ್ಧ ಗಂಟೆ. ಅದನ್ನು ನಡೆಸಿಕೊಡುವ ಕೆಲಸ ನನ್ನದು. ಇವತ್ತು ಆ ಚರ್ಚೆಗಳ ಬಗ್ಗೆಯೇ ಒಂದಿಷ್ಟು ಮಾತಾಡುತ್ತೇನೆ.

ಶುರುವಿನಲ್ಲಿ ನಾನೊಂದು ತಪ್ಪು ಮಾಡುತ್ತಿದ್ದೆ. ಕುಡಿಯುವ ನೀರಿನ ಚರ್ಚೆ ಅಂದರೆ ಮೊದಲು ಇಂಜಿನಿಯರ್ ಸಾಹೇಬರಿಗೆ ಮೈಕ್ ಕೊಡುತ್ತಿದ್ದೆ. ಆಮೇಲೆ ಪಂಚಾಯಿತಿಯವರಿಗೆ. ಟೈಮ್ ಉಳಿದರೆ ಬಿಂದಿಗೆ ಹೊರುವವರಿಗೆ. ಒಂದು ದಿನ ಸ್ತ್ರೀಶಕ್ತಿ ಸಂಘದ ಒಬ್ಬ ಅಮ್ಮ ಬಂದಿದ್ದರು. ಸದ್ದು ಬೀಳುತ್ತದೆ ಅಂತ ಫ್ಯಾನ್ ಆರಿಸಿದ್ದೆವು. ವಿಪರೀತ ಸೆಕೆ. ಬಳೆ ಸದ್ದೂ ಬೇಡವೆಂದು ಅವರು ಒಂದು ಕೈಯ ಬಳೆಗಳನ್ನು ಇನ್ನೊಂದು ಕೈಯಲ್ಲಿ ಒತ್ತಿ ಹಿಡಿದು ಕೂತಿದ್ದರು. ಇಪ್ಪತ್ತೈದು ನಿಮಿಷ ಹಾಗೇ. ಕೊನೆಗೆ, "ಅಮ್ಮಾ, ಈಗ ನೀವು ಹೇಳಿ" ಅಂದೆ. "ಎಲ್ಲಾ ಅವರೇ ಹೇಳಿದ್ರಲ್ಲ ಸಾರ್, ನಾನೇನು ಹೇಳ್ಲಿ" ಅಂದರು.

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಮೆಲ್ಲಗೆ ಅಂದರು: "ನಮ್ಮ ಬೀದಿಗೆ ನೀರು ಬಿಡೋದು ರಾತ್ರಿ ಎರಡು ಗಂಟೆಗೆ. ಅದನ್ನ ಯಾರೂ ಹೇಳಲೇ ಇಲ್ಲ ನೋಡಿ."

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಆ ಮಾತು ಚರ್ಚೆಯ ಶುರುವಿಗೇ ಬಂದಿದ್ದರೆ? ಎಷ್ಟು ಲೀಟರ್ ಕೊಡುತ್ತಿದ್ದೇವೆ ಅಂತ ಹೇಳಿ ಹೋದವರು, ಎಷ್ಟು ಹೊತ್ತಿಗೆ ಕೊಡುತ್ತಿದ್ದೇವೆ ಅನ್ನುವುದಕ್ಕೂ ಉತ್ತರ ಹೇಳಬೇಕಾಗುತ್ತಿತ್ತು. ಅವತ್ತಿನಿಂದ ನಮ್ಮ ಚರ್ಚೆಯಲ್ಲಿ ಮೊದಲ ಮಾತು ತೊಂದರೆ ಪಡುವವರದ್ದೇ.

ಈ ಮೈಕ್ ಸುಮ್ನೆ ಸಿಕ್ಕಿದ್ದಲ್ಲ. 1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಶುರು ಮಾಡಿದ್ದರು. ಆದರೂ ಸ್ವಾತಂತ್ರ್ಯ ಬಂದ ಎಷ್ಟೋ ವರ್ಷಗಳವರೆಗೆ ಬಾನುಲಿ ಅಂದರೆ ಸರ್ಕಾರದ್ದೇ. ಬಾನುಲಿಯ ದನಿ ಹೊತ್ತು ತರುವ ತರಂಗಗಳು ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಅನ್ನುವ ಸಮುದಾಯ ಬಾನುಲಿಯವರು ಲೈಸೆನ್ಸಿಗೆ ಕಾಯುತ್ತಾ ಕೂರಲಿಲ್ಲ. ಊರಿನ ಕೇಬಲ್ ಟಿ.ವಿ. ತಂತಿಯಲ್ಲೇ ಹೆಣ್ಣುಮಕ್ಕಳ ದನಿಯನ್ನು ಮನೆಮನೆಗೆ ಮುಟ್ಟಿಸಿದರು. ಅದು ನೆನಪಾದಾಗಲೆಲ್ಲ ಎದೆ ತುಂಬಿ ಬರುತ್ತದೆ. ಸಂಘ ಸಂಸ್ಥೆಗಳೂ ಸಮುದಾಯ ಬಾನುಲಿ ಕೇಂದ್ರ ನಡೆಸಬಹುದು ಅಂತ ಅನುಮತಿ ಬಂದಿದ್ದು 2006ರ ಕೊನೆಗೆ.

ಹಾಗಂತ ಎಲ್ಲವನ್ನೂ ಮಾತಾಡುವ ಹಾಗಿಲ್ಲ. ರಾಜಕೀಯದ ಚರ್ಚೆ ಮಾಡುವಂತಿಲ್ಲ. ನೀರು, ಕರೆಂಟು, ಹವಾಮಾನ, ಆರೋಗ್ಯ, ಪರೀಕ್ಷೆ, ಇವುಗಳ ಮಾಹಿತಿಗೆ ತಡೆಯಿಲ್ಲ. ಆದರೆ ನೀರು ಎಲ್ಲಿ ಮುಗಿಯಿತು, ರಾಜಕೀಯ ಎಲ್ಲಿ ಶುರುವಾಯಿತು? ಮೈಕಿನ ಮುಂದೆ ಕೂತಾಗ ಆ ಗೆರೆ ಹುಡುಕುವುದು ಕಷ್ಟ. ಊರಿನ ನಲ್ಲಿಯ ಬಗ್ಗೆ ಊರಿನವರು ಕೇಳುವ ಪ್ರಶ್ನೆಗೆ ಹೆದರಬಾರದು ಅನ್ನುವುದು ನನ್ನ ಅನಿಸಿಕೆ.

ಕೆ.ಸಿ. ವ್ಯಾಲಿ, ಅಂದರೆ ಕೋರಮಂಗಲ-ಚಲ್ಲಘಟ್ಟ ಕಣಿವೆ, ಅಲ್ಲಿಂದ ಬರುವ ನೀರಿನ ಚರ್ಚೆಯನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಅಂತರ್ಜಲ ಏರಲಿ ಅಂತ, ಕುಡಿಯುವುದಕ್ಕಲ್ಲ. ಮೂರನೇ ಹಂತದ ಶುದ್ಧೀಕರಣವೂ ಆಗಬೇಕು ಅನ್ನುವ ಕೂಗು ಮೊದಲಿನಿಂದಲೂ ಇದೆ. ಅವತ್ತು ಮೊದಲು ಮಾತಾಡಿದ್ದು ಹಾಲಿನ ಡೈರಿಗೆ ಹಾಲು ಹಾಕುವ ಒಬ್ಬರು ಅಕ್ಕ. "ಕುಡೀಬಾರದು ಅಂತೀರಿ, ಸರಿ. ನನ್ನ ಹಸು ದಿನಾ ಆ ಕೆರೆಗೇ ಇಳಿಯುತ್ತೆ. ಅದನ್ನ ಹೇಗೆ ತಡೀಲಿ? ಅದರ ಹಾಲನ್ನೇ ಅಲ್ವಾ ನನ್ನ ಮಗು ಕುಡಿಯೋದು?" ಅಂದರು. ಪಕ್ಕದಲ್ಲೇ ಟೊಮೆಟೊ ಬೆಳೆಯುವ ಒಬ್ಬ ಹಿರಿಯರು ಕೂತಿದ್ದರು. "ತಾಯೀ, ಬತ್ತಿಹೋಗಿದ್ದ ನನ್ನ ಬೋರು ಮತ್ತೆ ನೀರು ಕೊಡ್ತಾ ಇದೆ. ಈ ನೀರು ಬೇಡ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ?" ಅಂದರು. ಇಬ್ಬರೂ ಹೇಳಿದ್ದು ನಿಜವೇ. ಅಧಿಕಾರಿಗಳ ಸರದಿ ಬಂದಾಗ ಅವರು ತಂದಿದ್ದ ಹಾಳೆಯನ್ನು ಓದಲಿಲ್ಲ, ಪಕ್ಕಕ್ಕಿಟ್ಟರು. ಆ ಅಕ್ಕನ ಕಡೆ ತಿರುಗಿ ಮಾತು ಶುರು ಮಾಡಿದರು. ನೀರಿನ ಪರೀಕ್ಷೆಯ ವರದಿಯನ್ನು ಕೆರೆ ಏರಿಯ ಮೇಲೆ ಕನ್ನಡದಲ್ಲಿ ಹಾಕಿ ಅಂತ ಆ ಹಿರಿಯರೇ ಕೇಳಿದರು.

ಈ ಗುರುವಾರದ ವಿಷಯ ಸಂಜೆಯ ಬಸ್ಸು. ಮೊದಲು ಮಾತಾಡುವವಳು ಪಿ.ಯು.ಸಿ. ಓದುವ ಹುಡುಗಿ. ನಿನ್ನೆ ಕೇಂದ್ರಕ್ಕೆ ಬಂದು, "ಸಾರ್, ಬರ್ಕೊಂಡು ಬರಬೇಕಾ?" ಅಂತ ಕೇಳಿದಳು. "ಬೇಡಮ್ಮ, ಸ್ಟಾಪಿನಲ್ಲಿ ಎಷ್ಟು ಹೊತ್ತು ನಿಲ್ತೀಯ, ಕತ್ತಲಾದ ಮೇಲೆ ಮನೆಗೆ ಹೇಗೆ ಹೋಗ್ತೀಯ, ಅಷ್ಟು ಹೇಳು" ಅಂದಿದ್ದೇನೆ. ನಿಮ್ಮೂರಿಗೂ ಕೊನೆಯ ಬಸ್ಸು ತಪ್ಪುತ್ತಿದ್ದರೆ, ಯಾವ ದಿನ, ಎಷ್ಟು ಗಂಟೆಗೆ ಅಂತ ಒಂದು ಚೀಟಿಯಲ್ಲಿ ಬರೆದು ಕಳಿಸಿ. ಅವಳ ಮಾತಾದ ಮೇಲೆ ಅದನ್ನೇ ಓದುತ್ತೇನೆ.

ನಮಸ್ಕಾರ.