ಸ್ಪ್ಯಾಮ್ ಸೇರಿದ ಮಿಡಿ ಉಪ್ಪಿನಕಾಯಿ

ಕೇಳುಗರಿಗೆ ನಮಸ್ಕಾರ.

ಸಾಗರದ ಹತ್ತಿರ ಒಂದು ಹಳ್ಳಿಯಲ್ಲಿ ನಮ್ಮ ಅತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ಬೆಂಗಳೂರು, ಪುಣೆಯಲ್ಲೆಲ್ಲ ಗಿರಾಕಿಗಳಿದ್ದಾರೆ. ಕಳೆದ ವರ್ಷ ಭರಣಿ ತುಂಬಿದ ಮೇಲೆ, ಮಿಡಿ ತಯಾರಾಗಿದೆ ಅಂತ ಎಲ್ಲರಿಗೂ ಇಮೇಲ್ ಹಾಕಿಸಿದರು. ಹಾಕಿದವನು ನಾನೇ. ವಾರ ಕಳೆದರೂ ಒಂದೇ ಒಂದು ಆರ್ಡರ್ ಇಲ್ಲ. “ಏನೋ ತಮ್ಮಾ, ತಲುಪಿದೆ ಅಂತ ತೋರಿಸ್ತದೆ, ಯಾರ ಬಾಯಲ್ಲೂ ನೀರು ಬರ್ಲಿಲ್ವಾ?” ಅಂದರು.

ಬಾಯಲ್ಲಿ ನೀರು ಬರೋದಕ್ಕೆ ಕಾಗದ ಮೊದಲು ಕಣ್ಣಿಗೆ ಬೀಳಬೇಕಲ್ಲ! ‘ತಲುಪಿದೆ’ ಅಂದರೆ ಅತ್ತಲಿನ ಸರ್ವರ್ ಅದನ್ನು ಒಳಗೆ ಬಿಟ್ಟುಕೊಂಡಿದೆ, ಅಷ್ಟೇ. ಆಮೇಲೆ ಜಗಲಿಯಲ್ಲಿ ಕೂರಿಸಿತೋ, ಕೊಟ್ಟಿಗೆಗೆ ಅಟ್ಟಿತೋ, ಅದು ಬೇರೆ ಮಾತು. ಜಗಲಿ ಅಂದರೆ ಇನ್‌ಬಾಕ್ಸ್, ಕೊಟ್ಟಿಗೆ ಅಂದರೆ ಸ್ಪ್ಯಾಮ್. ನಮ್ಮ ಮೇಲ್ ಜಗಲಿ ಹತ್ತುತ್ತದೋ ಇಲ್ಲವೋ ಅನ್ನುವುದಕ್ಕೇ ಡೆಲಿವರಬಿಲಿಟಿ ಅನ್ನುತ್ತಾರೆ.

ನನಗೇ ಕಳಿಸಿಕೊಂಡಿದ್ದ ಒಂದು ಪ್ರತಿ ನನ್ನ ಜಿಮೇಲಿನ ಸ್ಪ್ಯಾಮಿನಲ್ಲಿ ಬಿದ್ದಿತ್ತು. ಅದನ್ನು ತೆರೆದು, ಬಲಗಡೆಯ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ಅಂದೆ. ಮೇಲ್ ನಿಜಕ್ಕೂ ನಮ್ಮದೇನಾ ಅಂತ ನೋಡುವ ಮೂರು ಪರೀಕ್ಷೆಗಳ ಫಲಿತಾಂಶ ಅಲ್ಲಿತ್ತು: ಎಸ್‌ಪಿಎಫ್ ಎದುರು ‘ಪರ್ಮ್‌ಎರರ್’, ಅಂದರೆ ಬರೆದಿಟ್ಟದ್ದರಲ್ಲೇ ತಪ್ಪು, ಡಿಕಿಮ್ ಎದುರು ‘ಪಾಸ್’, ಡಿಮಾರ್ಕ್ ಎದುರು ‘ಫೇಲ್’.

ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮ 1982ರದ್ದು. ಕಳಿಸಿದವರು ನಿಜಕ್ಕೂ ಅವರೇನಾ ಅಂತ ಅದು ಪರೀಕ್ಷಿಸುತ್ತಲೇ ಇರಲಿಲ್ಲ. ಯಾರು ಬೇಕಾದರೂ ಯಾರ ಹೆಸರನ್ನು ಬೇಕಾದರೂ ಹಾಕಬಹುದಿತ್ತು. ಆ ತೂತು ಮುಚ್ಚುವುದಕ್ಕೆ ಆಮೇಲೆ ಬಂದವು ಈ ಮೂರು.

ಇಮೇಲ್ ವಿಳಾಸದಲ್ಲಿ ‘ಆಟ್’ ಗುರುತು ಆದಮೇಲೆ ಬರುವ ಹೆಸರೇ ಡೊಮೇನ್. ನಮ್ಮ ಡೊಮೇನಿನ ಹೆಸರಿನಲ್ಲಿ ಯಾವ ಯಾವ ಸರ್ವರ್ ಮೇಲ್ ಕಳಿಸಬಹುದು ಅಂತ ಡಿಎನ್‌ಎಸ್‌ನಲ್ಲಿ, ಅಂದರೆ ಇಂಟರ್ನೆಟ್ಟಿನ ವಿಳಾಸ ಪುಸ್ತಕದಲ್ಲಿ, ಬರೆದಿಡುವ ಪಟ್ಟಿಯೇ ಎಸ್‌ಪಿಎಫ್. ಮೇಲ್‌ಬಾಕ್ಸಿನವರದ್ದು ಒಂದು ಸಾಲು ಅಲ್ಲಿ ಮೊದಲೇ ಇತ್ತು. ನಾನು ಒಟ್ಟಿಗೆ ಮೇಲ್ ಕಳಿಸುವ ಸೇವೆಯವರದ್ದು ಇನ್ನೊಂದು ಸಾಲು ಸೇರಿಸಿದ್ದೆ. ಎಡವಟ್ಟಾಗಿದ್ದೇ ಅಲ್ಲಿ. ಒಂದು ಡೊಮೇನಿಗೆ ಎಸ್‌ಪಿಎಫ್ ಸಾಲು ಒಂದೇ ಇರಬೇಕು. ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ. ಇಬ್ಬರನ್ನೂ ಒಂದೇ ಸಾಲಿನಲ್ಲಿ ‘ಇನ್‌ಕ್ಲೂಡ್’ ಹಾಕಿ ಸೇರಿಸಬೇಕಿತ್ತು. ಹಾಗಂತ ಸೇರಿಸುತ್ತಲೇ ಹೋದರೂ ಆಗದು, ಆ ಸಾಲು ಮಾಡಿಸುವ ಡಿಎನ್‌ಎಸ್ ಹುಡುಕಾಟ 10 ದಾಟಬಾರದು.

ಡಿಕಿಮ್ ಅಂದರೆ ಅಡಿಕೆ ಚೀಲದ ಬಾಯಿ ಹೊಲಿದು ಒತ್ತುವ ಮುದ್ರೆ ಇದ್ದ ಹಾಗೆ. ಕಳಿಸುವ ಸರ್ವರ್ ಗುಟ್ಟಿನ ಕೀಲಿಯಿಂದ ಸಹಿ ಹಾಕುತ್ತದೆ, ಅದನ್ನು ತಾಳೆ ನೋಡುವ ಕೀಲಿ ಡಿಎನ್‌ಎಸ್‌ನಲ್ಲಿ ಎಲ್ಲರಿಗೂ ಸಿಗುತ್ತದೆ. ದಾರಿಯಲ್ಲಿ ಒಳಗಿನ ಮಾತು ಬದಲಾದರೆ ಸಹಿ ತಾಳೆಯಾಗುವುದಿಲ್ಲ. ನಮ್ಮದು ಪಾಸಾಗಿತ್ತಲ್ಲ, ಮತ್ತೇನು ತಕರಾರು? ಸಹಿ ಇದ್ದದ್ದು ಸೇವೆಯವರ ಹೆಸರಲ್ಲಿ, ಅತ್ತಿಗೆಯ ಹೆಸರಲ್ಲಲ್ಲ. ಚೀಲ ನಮ್ಮದು, ಮುದ್ರೆ ಲಾರಿಯವರದ್ದು!

ಡಿಮಾರ್ಕ್ ಹಿಡಿದದ್ದು ಇದನ್ನೇ. ಓದುವವರಿಗೆ ಕಾಣುವ ‘ಫ್ರಂ’ ಡೊಮೇನ್, ಎಸ್‌ಪಿಎಫ್ ಅಥವಾ ಡಿಕಿಮ್ ಪಾಸಾದ ಡೊಮೇನಿಗೆ ಹೊಂದಬೇಕು. ಎರಡರಲ್ಲಿ ಒಂದು ಹೊಂದಿದರೂ ಸಾಕು. ಇದೇ ಅಲೈನ್‌ಮೆಂಟ್. ಹೊಂದದಿದ್ದರೆ ಏನು ಮಾಡಬೇಕು ಅಂತ ನಾವೇ ಬರೆದಿಡಬಹುದು: ‘ನನ್’ ಅಂದರೆ ಸುಮ್ಮನಿರಿ, ‘ಕ್ವಾರಂಟೈನ್’ ಅಂದರೆ ಸ್ಪ್ಯಾಮಿಗೆ ಹಾಕಿ, ‘ರಿಜೆಕ್ಟ್’ ಅಂದರೆ ಬಾಗಿಲಲ್ಲೇ ತಡೆಯಿರಿ. ಮೊದಲ ದಿನವೇ ಹುರುಪಿನಲ್ಲಿ ‘ರಿಜೆಕ್ಟ್’ ಹಾಕಬೇಡಿ, ನಿಮ್ಮದೇ ಬಿಲ್ಲುಗಳು ವಾಪಸ್ ಬಂದಾವು. ‘ನನ್’ ಇಟ್ಟುಕೊಂಡು, ಮೇಲ್ ಪಡೆಯುವ ಸರ್ವರ್‌ಗಳ ಕಡೆಯಿಂದ ಬರುವ ವರದಿ ನೋಡಿ ಮುಂದುವರಿಯಿರಿ.

2024ರ ಫೆಬ್ರುವರಿಯಿಂದ ಗೂಗಲ್, ಯಾಹೂ ಬಿಗಿ ಮಾಡಿವೆ. ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್ ಜಿಮೇಲಿಗೆ ಕಳಿಸುವವರಿಗೆ ಈ ಮೂರೂ ಕಡ್ಡಾಯ. ಸ್ಪ್ಯಾಮ್ ಅನ್ನುವ ದೂರು ಶೇಕಡಾ 0.3 ಮುಟ್ಟಬಾರದು. ಅತ್ತಿಗೆಯಂಥ ಸಣ್ಣವರಿಗೂ ಎಸ್‌ಪಿಎಫ್ ಇಲ್ಲವೇ ಡಿಕಿಮ್ ಬೇಕೇ ಬೇಕು.

ಎಲ್ಲ ಸರಿಮಾಡಿ ಮತ್ತೆ ಕಳಿಸಿದೆವು. ಈ ಸಲ ಆರ್ಡರ್ ಬಂದವು, ಜೊತೆಗೆ ಬೌನ್ಸುಗಳೂ, ಅಂದರೆ ತಲುಪದೆ ವಾಪಸ್ ಬಂದ ಮೇಲ್‌ಗಳು. ಪೆಟ್ಟಿಗೆ ತುಂಬಿದ್ದರೆ ಸಾಫ್ಟ್ ಬೌನ್ಸ್, ನಾಳೆ ಹೋದೀತು. ವಿಳಾಸವೇ ಇಲ್ಲದಿದ್ದರೆ ಹಾರ್ಡ್ ಬೌನ್ಸ್. ಅಂಥ ವಿಳಾಸಕ್ಕೆ ಕಳಿಸುತ್ತಲೇ ಇದ್ದರೆ ನಮ್ಮ ಹೆಸರೇ ಕೆಡುತ್ತದೆ, ತೆಗೆದುಬಿಡಿ ಅಂದೆ. ಅತ್ತಿಗೆ ಒಪ್ಪಲಿಲ್ಲ. “ಹಳೇ ಗಿರಾಕಿಗಳು ಮಾರಾಯಾ, ಹೆಸರು ಹೊಡೆದು ಹಾಕೋದಾ?” ಅಂತ ಪಾರ್ಸೆಲ್ ಪುಸ್ತಕ ತೆಗೆದು, ಒಬ್ಬೊಬ್ಬರಿಗೇ ಫೋನು ಹಚ್ಚಿದರು. ಒಬ್ಬರು ರಿಟೈರ್ ಆಗಿ ಆಫೀಸಿನ ವಿಳಾಸ ಹೋಗಿತ್ತಂತೆ. ಹೊಸ ವಿಳಾಸ ಬರೆಸಿ, ಎರಡು ಕೆಜಿ ಕಳಿಸಿ ಅಂದರು.

ನಮಸ್ಕಾರ.